ಪಾಳಿ, ಕೀಲಿ, ಹಗೇವು

1/8

ಈ ಸಲದ ಸರಣಿ ಸ್ವಲ್ಪ ಉದ್ದ ಐತಿ, ಎಂಟು ಪೋಸ್ಟ್. ಒಂದೇ ಸಲ ಓದಬೇಕಂತಿಲ್ಲ, ಸೇವ್ ಮಾಡಿಟ್ಟು ಸಾವಕಾಶ ಓದ್ರಿ.

ಫೋಟೋದಲ್ಲಿರುವುದು ಮೂಡಲಗಿ ಹತ್ತಿರದ ಒಂದು ಸಣ್ಣ ಕಾಲುವೆಯ ಗೇಟು. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಧೂಪದಾಳಕ್ಕೆ ಬಂದು, ಅಲ್ಲಿಂದ ಘಟಪ್ರಭಾ ಎಡದಂಡೆ ಕಾಲುವೆ ಹಿಡಿದು, ಕವಲೊಡೆಯುತ್ತಾ ನಮ್ಮ ಕಡೆಯ ಹೊಲಗಳಿಗೆ ಬರುತ್ತದೆ. ನೀರು ಒಂದೇ, ಹೊಲ ಹಲವು. ಅದಕ್ಕೇ ಪಾಳಿ. ಪಾಳಿ ಅಂದರೇನು ಅಂತ ನಮ್ಮ ಕಡೆ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಫೋನಿನಲ್ಲೂ ಹಿಂಗ ಐತಿ. ಪ್ರೊಸೆಸರ್ ಒಳಗೆ ಸಾಮಾನ್ಯವಾಗಿ ಎಂಟು ಕೋರ್, ಅಂದರೆ ಎಂಟು ಜನ ಆಳು. ಎಲ್ಲರಿಗೂ ಸೇರಿ ಮೆಮೊರಿ ಒಂದೇ. ಯಾರಿಗೆ ಎಷ್ಟು, ಯಾರ ನಂತರ ಯಾರು ಅಂತ ನೋಡಿಕೊಳ್ಳುವ ನೀರಗಂಟಿಯೇ ಕರ್ನಲ್. ಆಂಡ್ರಾಯ್ಡ್ ಫೋನಿನ ಕರ್ನಲ್ ಹೆಸರು ಲಿನಕ್ಸ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಈಗ ಸಾವಿರಾರು ಜನ ಸೇರಿ ಬರೆಯುತ್ತಾರೆ.

ಪಾಳಿ ಇಲ್ಲದಿದ್ದರೆ ಏನಾಗುತ್ತದೆ ನೋಡ್ರಿ. ಒಂದು ಲೆಕ್ಕದ ಬುಕ್ಕಿನಲ್ಲಿ 41 ಅಂತ ಇದೆ. ಇಬ್ಬರು ಆಳು ಒಂದೇ ಹೊತ್ತಿಗೆ ಓದಿ, ಇಬ್ಬರೂ ಒಂದು ಕೂಡಿಸಿ, ಇಬ್ಬರೂ 42 ಬರೆಯುತ್ತಾರೆ. ಆಗಬೇಕಾದ್ದು 43. ಒಬ್ಬನ ಕೆಲಸ ಕಾಣೆಯಾಯಿತು. ಇದೇ ರೀತಿ ಮೆಮೊರಿಯ ಒಂದು ಖಾಲಿ ತುಂಡನ್ನು ಇಬ್ಬರಿಗೂ ಕೊಟ್ಟುಬಿಟ್ಟರೆ ಒಬ್ಬರ ಮಾಹಿತಿಯ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ.

ಅದಕ್ಕೆ ಲಾಕ್ ಬೇಕು. ನಮ್ಮ ಮಾತಿನಲ್ಲಿ ಕೀಲಿ. ಕೀಲಿ ಹಾಕಿಕೊಂಡು ಒಳಗೆ ಹೋಗು, ಕೆಲಸ ಮುಗಿಸು, ಕೀಲಿ ತೆಗೆದು ಹೊರಗೆ ಬಾ. ಅಲ್ಲಿತನಕ ಉಳಿದವರು ಕಾಯಬೇಕು.

ಈ ಕಾಯುವುದನ್ನು ಕಡಿಮೆ ಮಾಡಲು ಮೂವತ್ತು ವರ್ಷದಿಂದ ನಡೆದ ಕೆಲಸದ ಕಥೆ ಇದು. ಕೊನೆಗೆ ಇದು ನಮ್ಮ ಅವ್ವನ ಫೋನಿನ ತನಕ ಬರತೈತಿ.

2/8

ಊರಿಗೆಲ್ಲಾ ಒಂದೇ ಕೀಲಿ.

1996ರ ಜೂನ್‌ನಲ್ಲಿ ಲಿನಕ್ಸ್ 2.0 ಬಂತು. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರದಲ್ಲಿ ನಡೆಯುವ ಮೊದಲ ಸ್ಥಿರ ಲಿನಕ್ಸ್ ಅದು. ಆಗ ಹೂಡಿದ ಉಪಾಯ ಬಹಳ ಸರಳ: ಇಡೀ ಕರ್ನಲ್‌ಗೆ ಒಂದೇ ಕೀಲಿ. ಹೆಸರೇ ‘ಬಿಗ್ ಕರ್ನಲ್ ಲಾಕ್’. ಒಬ್ಬ ಆಳು ಕರ್ನಲ್ ಒಳಗಿದ್ದರೆ ಉಳಿದವರು ಹೊರಗೆ.

ಎರಡು ಪ್ರೊಸೆಸರ್ ಇದ್ದಾಗ ಇದು ನಡೆಯಿತು. ಆದರೆ ಒಬ್ಬ ಕಡತ ಓದಬೇಕು, ಇನ್ನೊಬ್ಬ ನೆಟ್‌ವರ್ಕಿಗೆ ಏನೋ ಕಳಿಸಬೇಕು, ಒಬ್ಬರದು ಒಬ್ಬರಿಗೆ ಸಂಬಂಧವೇ ಇಲ್ಲ. ಆದರೂ ಕಾಯಬೇಕು. ಮೂಡಲಗಿಯ ಹೊಲಕ್ಕೆ ನೀರು ಬಿಟ್ಟಾರಂತ ಹುಕ್ಕೇರಿಯ ಬಾವಿ ಮೋಟಾರು ಬಂದ್ ಮಾಡಿದಂಗ.

ಹಂಗಾದರ ಆ ದೊಡ್ಡ ಕೀಲಿ ಒಡೆದು ಸಣ್ಣ ಸಣ್ಣ ಕೀಲಿ ಮಾಡಿದರೆ ಮುಗೀತಲ್ಲ? ಅಷ್ಟು ಹಗುರ ಇರಲಿಲ್ಲ. ಆ ಕೀಲಿಯನ್ನು ಪೂರ್ತಿ ಕಿತ್ತುಹಾಕಿದ್ದು 2011ರ ಮೇ ತಿಂಗಳಲ್ಲಿ, ಲಿನಕ್ಸ್ 2.6.39ರಲ್ಲಿ. ಕೊನೆಯ ಹಂತದ ಕೆಲಸ ಮಾಡಿದವರು ಆರ್ನ್ಡ್ ಬರ್ಗ್‌ಮನ್. ಹದಿನೈದು ವರ್ಷ ಹಿಡಿಯಿತು.

ಯಾಕಂದ್ರ ಆ ಕೀಲಿ ಯಾವುದನ್ನು ಕಾಯುತ್ತಿದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಊರಲ್ಲಿ ಒಂದು ಹಳೆಯ ವಾಡಿಕೆ ಇರುತ್ತದಲ್ಲ, ‘ಈ ಬಾಗಿಲಾ ರಾತ್ರಿ ತೆಗೀಬ್ಯಾಡ್ರಿ’ ಅಂತ. ಯಾಕೆ ಅಂತ ಯಾರಿಗೂ ನೆನಪಿಲ್ಲ, ತೆಗೆಯಲು ಯಾರಿಗೂ ಧೈರ್ಯವಿಲ್ಲ. ಒಂದೊಂದು ಕಡೆಯೂ ಕುಳಿತು ಓದಿ, ಇಲ್ಲಿ ಕೀಲಿ ಬೇಕೋ ಬೇಡವೋ ಅಂತ ಖಾತ್ರಿ ಮಾಡಿಕೊಳ್ಳಬೇಕಾಯಿತು.

ಸಣ್ಣ ಕೀಲಿಗಳು ಹೆಚ್ಚಾದಾಗ ಇನ್ನೊಂದು ಗಂಡಾಂತರ. ನಾನು ಮೇಲಿನ ಗೇಟಿನ ಕೀಲಿ ಹಿಡಿದು ಕೆಳಗಿನದಕ್ಕೆ ಕಾಯುತ್ತೇನೆ. ನೀವು ಕೆಳಗಿನದನ್ನು ಹಿಡಿದು ಮೇಲಿನದಕ್ಕೆ ಕಾಯುತ್ತೀರಿ. ಇಬ್ಬರೂ ನಿಂತೇ ಇರುತ್ತೇವೆ. ಇದಕ್ಕೆ ಡೆಡ್‌ಲಾಕ್ ಅಂತಾರ. ಪರಿಹಾರ ಒಂದೇ: ಎಲ್ಲರೂ ಒಂದೇ ಕ್ರಮದಲ್ಲಿ ಕೀಲಿ ಹಿಡಿಯಬೇಕು, ಮೊದಲು ಮೇಲಿನದು, ಆಮೇಲೆ ಕೆಳಗಿನದು. ಈ ಕ್ರಮ ಯಾರಾದರೂ ತಪ್ಪಿದರೆ, ಇನ್ನೂ ಸಿಕ್ಕಿಬೀಳುವ ಮುಂಚೆಯೇ ಕೂಗಿ ಹೇಳುವ ‘ಲಾಕ್‌ಡೆಪ್’ ಎಂಬ ಕಾವಲುಗಾರನನ್ನು ಇಂಗೊ ಮೋಲ್ನಾರ್ ಬರೆದರು. ಅದು 2006ರಲ್ಲಿ ಕರ್ನಲ್ ಸೇರಿತು.

3/8

ಫೋಟೋದಲ್ಲಿ ಒಂದು ದವಾಖಾನೆಯ ಟೋಕನ್. ಇವತ್ತಿನ ಕಥೆ ಬೆಂಗಳೂರಿಂದು.

ಒಳಗಿನ ಕೆಲಸ ಬಹಳ ಸಣ್ಣದಿದ್ದಾಗ ಕಾಯುವ ಆಳು ದೂರ ಹೋಗುವುದಿಲ್ಲ. ಬಾಗಿಲಲ್ಲೇ ನಿಂತು ‘ಆತೇನು? ಆತೇನು?’ ಅಂತ ಕೇಳುತ್ತಲೇ ಇರುತ್ತಾನೆ. ಇದು ಸ್ಪಿನ್‌ಲಾಕ್. ಮೊದಲು ಇದರಲ್ಲಿ ಪಾಳಿ ಇರಲಿಲ್ಲ. ಬಾಗಿಲು ತೆಗೆದ ಕೂಡಲೇ ಯಾರು ಮೊದಲು ನುಗ್ಗುತ್ತಾರೋ ಅವರದು. ಎಂಟು ಕೋರಿನ ಒಂದು ಯಂತ್ರದಲ್ಲಿ ನಿಕ್ ಪಿಗಿನ್ ಪರೀಕ್ಷೆ ಮಾಡಿದಾಗ, ಒಂದೇ ಕೆಲಸಕ್ಕೆ ಒಬ್ಬ ಆಳಿಗೆ ಇನ್ನೊಬ್ಬನ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ಬಲ ಇದ್ದವನದೇ ನೀರು ಅಂದಂಗಾತು.

ಅದಕ್ಕೆ ಅವರು ಟೋಕನ್ ತಂದರು. 2008ರ ಲಿನಕ್ಸ್ 2.6.25. ಬಂದವರಿಗೆಲ್ಲ ಒಂದೊಂದು ನಂಬರ್, ಬಾಗಿಲ ಮೇಲೆ ‘ಈಗ ಯಾರದು’ ಎಂಬ ನಂಬರ್. ಅನ್ಯಾಯ ನಿಂತಿತು.

ಆದರೆ ಆ ಹೊತ್ತಿಗೆ ವರ್ಚುವಲ್ ಮಶೀನ್‌ಗಳ ಕಾಲ ಬಂದಿತ್ತು. ಒಂದೇ ದೊಡ್ಡ ಯಂತ್ರದ ಒಳಗೆ ಹತ್ತಾರು ಕಾಲ್ಪನಿಕ ಯಂತ್ರಗಳು. ಅವುಗಳ ಪ್ರೊಸೆಸರ್‌ಗಳೂ ಕಾಲ್ಪನಿಕ. ನಿಜವಾದ ಪ್ರೊಸೆಸರ್ ಸಿಕ್ಕಾಗ ಎಚ್ಚರ, ಸಿಗದಾಗ ನಿದ್ದೆ. ಈಗ ನೋಡ್ರಿ ಮಜಾ: ಒಳಗಿಂದ ‘ಹದಿನೇಳು’ ಅಂತ ಕರೆದರು. ಹದಿನೇಳರವನು ನಿದ್ದೆಯಲ್ಲಿದ್ದಾನೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಲ್ಲಾ ಎಚ್ಚರ ಇದ್ದಾರೆ, ಆದರೆ ಒಳಗೆ ಹೋಗುವಂತಿಲ್ಲ. ನಿಂತಲ್ಲೇ ‘ಆತೇನು?’ ಅಂತ ಕೇಳುತ್ತಾ ಪ್ರೊಸೆಸರ್ ಹೊತ್ತು ತಿನ್ನುತ್ತಿದ್ದಾರೆ. ಅವರು ತಿಂದ ಹೊತ್ತಿನಿಂದಲೇ ಹದಿನೇಳರವನು ಏಳುವುದು ಇನ್ನೂ ತಡ! ನ್ಯಾಯಕ್ಕಂತ ತಂದ ಟೋಕನ್ ಇಲ್ಲಿ ಎಲ್ಲರನ್ನೂ ಕಟ್ಟಿಹಾಕಿತು.

ಇದನ್ನು ಬಿಡಿಸಿದವರಲ್ಲಿ ಇಬ್ಬರು ಬೆಂಗಳೂರಿನ ಐಬಿಎಂನವರು: ಶ್ರೀವತ್ಸ ವಡ್ಡಗಿರಿ ಮತ್ತು ರಾಘವೇಂದ್ರ ಕೆ. ಟಿ. ಮೂಲ ಉಪಾಯ ಜೆರೆಮಿ ಫಿಟ್ಸ್‌ಹಾರ್ಡಿಂಜ್ ಅವರದು. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಕೇಳು. ಆಗಲಿಲ್ಲವೋ, ‘ನಾ ಮಲಗತೇನಿ, ನನ್ನ ನಂಬರ್ ಬಂದಾಗ ಎಬ್ಬಿಸ್ರಿ’ ಅಂತ ಹೇಳಿ ಪ್ರೊಸೆಸರ್ ಬಿಟ್ಟುಕೊಡು. ಕೀಲಿ ತೆಗೆದು ಹೊರಬರುವವನು ಮುಂದಿನ ನಂಬರಿನವನನ್ನು ಎಬ್ಬಿಸಿಯೇ ಹೋಗಬೇಕು.

ಹೇಳಲು ಎರಡು ಸಾಲು. ಆದರೆ ಹತ್ತಕ್ಕೂ ಹೆಚ್ಚು ಸಲ ತಿದ್ದಿ ತಿದ್ದಿ ಕಳಿಸಿದ ಮೇಲೆ 2013ರ ನವೆಂಬರ್‌ನಲ್ಲಿ ಬಂದ ಲಿನಕ್ಸ್ 3.12ರಲ್ಲಿ ಅದು ಸೇರಿತು.

4/8

ಟೋಕನ್ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅರವತ್ತು ಕೋರ್‌ಗಳು ಒಂದೇ ನಂಬರ್ ಬೋರ್ಡ್ ನೋಡುತ್ತಾ ನಿಂತರೆ, ಬೋರ್ಡ್ ಬದಲಾದಾಗಲೆಲ್ಲ ಅಷ್ಟೂ ಕೋರ್‌ಗಳಿಗೆ ಸುದ್ದಿ ಮುಟ್ಟಬೇಕು. ಆ ಓಡಾಟವೇ ಭಾರವಾಗುತ್ತದೆ. 2015ರಲ್ಲಿ ಲಿನಕ್ಸ್ 4.2ರಿಂದ ಬೋರ್ಡ್ ನೋಡುವುದೇ ಹೋಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ, ಮುಂದಿನವರು ಹೋಗುವಾಗ ಹಿಂದಿನವರ ಭುಜ ತಟ್ಟುತ್ತಾರೆ. ಈ ಉಪಾಯದ ಬೇರು 1991ರಲ್ಲಿ ಮೆಲರ್ ಕ್ರಮಿ ಮತ್ತು ಸ್ಕಾಟ್ ಬರೆದ ಒಂದು ಪ್ರಬಂಧದಲ್ಲಿದೆ.

ಇನ್ನೂ ಒಳ್ಳೆಯ ಉಪಾಯ ಯಾವುದು ಗೊತ್ತೇನ್ರಿ? ಕೀಲಿಯೇ ಬೇಡ ಅನ್ನುವುದು.

ಫೋಟೋ ನೋಡ್ರಿ, ಬಸ್ ಸ್ಟ್ಯಾಂಡಿನ ವೇಳಾಪಟ್ಟಿ. ದಿನಾ ನೂರಾರು ಜನ ಓದುತ್ತಾರೆ, ವರ್ಷಕ್ಕೆ ಒಂದೆರಡು ಸಲ ಬದಲಾಗುತ್ತದೆ. ಓದುವವರಿಗೆಲ್ಲ ಪಾಳಿ ಹಚ್ಚುವುದು ಹುಚ್ಚುತನ. ಅದರ ಬದಲು ಹೊಸ ಪಟ್ಟಿಯನ್ನು ಪಕ್ಕದಲ್ಲಿ ತಯಾರು ಮಾಡು. ಇನ್ನು ಮೇಲೆ ಬರುವವರೆಲ್ಲ ಅದನ್ನೇ ನೋಡುವಂತೆ ಬಾಣದ ಗುರುತು ತಿರುಗಿಸು. ಹಳೆಯದನ್ನು ಆಗಲೇ ಓದುತ್ತಾ ನಿಂತವರು ಓದಿ ಮುಗಿಸಿ ಹೋಗಲಿ. ಕೊನೆಯವನೂ ಹೋದ ಮೇಲೆ ಹಳೆಯದನ್ನು ಹರಿದುಹಾಕು. ಓದುವವನು ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ.

ಇದರ ಹೆಸರು ಆರ್‌ಸಿಯು. ಪಾಲ್ ಮೆಕೆನಿ ಇದರ ಹಿಂದಿನ ಮುಖ್ಯ ಹೆಸರು. ಲಿನಕ್ಸ್‌ಗೆ ಇದು ಬಂದದ್ದು 2002ರ ಅಕ್ಟೋಬರ್‌ನಲ್ಲಿ, 2.5.43ರಲ್ಲಿ. ಸೇರಿಸಿಕೊಂಡ ಕೋಡ್ ದೀಪಂಕರ್ ಸರ್ಮಾ ಅವರದು, ಅವರೂ ಐಬಿಎಂನ ಬೆಂಗಳೂರು ಕೇಂದ್ರದವರು. ನೀವು ಯಾವುದೇ ಕಡತ ತೆರೆದಾಗ ಕರ್ನಲ್ ಅದರ ಹೆಸರನ್ನು ಒಂದು ಪಟ್ಟಿಯಲ್ಲಿ ಹುಡುಕುತ್ತದೆ. ಆ ಹುಡುಕಾಟಕ್ಕೆ ಕೀಲಿ ಬೇಡದಂತೆ ಮಾಡಿದವರು ಅವರು ಮತ್ತು ಮನೀಷ್ ಸೋನಿ.

ಆದರ ಒಂದು ಮಾತು. ಕೊನೆಯ ಓದುಗ ಹೋಗುವ ತನಕ ಹಳೆಯ ಪಟ್ಟಿಯೂ ಇರಬೇಕು, ಹೊಸ ಪಟ್ಟಿಯೂ ಇರಬೇಕು. ಒಂದು ಪಟ್ಟಿಯ ಜಾಗದಲ್ಲಿ ಎರಡು. ಕಾಯುವುದು ತಪ್ಪಿತು, ಅದಕ್ಕೆ ಬೆಲೆ ಜಾಗದಲ್ಲಿ ಕೊಟ್ಟೆವು. ಈ ಮಾತು ಮನಸಿನಾಗ ಇಟ್ಕೋರಿ, ಇನ್ನು ಮುಂದಿನದೆಲ್ಲ ಇದರ ಮೇಲೇ ಐತಿ.

5/8

ಹಗೇವು ನೋಡಿದವರು ಎಷ್ಟು ಮಂದಿ ಇದ್ದೀರಿ? ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು. ನಾಲ್ಕು ಜನ ಸೇರಬೇಕಾದ ಕೆಲಸ. ಅದಕ್ಕೇ ದಿನಾ ರೊಟ್ಟಿಗೆ ಅಂತ ಯಾರೂ ಹಗೇವು ತೆಗೆಯುವುದಿಲ್ಲ. ಒಮ್ಮೆ ತೆಗೆದು ಚೀಲ ತುಂಬಿ ಮನೆಯಲ್ಲಿಟ್ಟುಕೊಂಡು, ದಿನದ ಜೋಳ ಚೀಲದಿಂದ ತೆಗೆದುಕೊಳ್ಳುತ್ತಾರೆ.

ಕರ್ನಲ್ ಮೆಮೊರಿ ಹಂಚುವುದೂ ಥೇಟ್ ಹಿಂಗ. ಎಲ್ಲಕ್ಕಿಂತ ಕೆಳಗೆ ಹಗೇವು: ಅಲ್ಲಿ ಮೆಮೊರಿ ‘ಪೇಜ್’ ಲೆಕ್ಕದಲ್ಲಿ ಇರುತ್ತದೆ, ಒಂದು ಪೇಜ್ ಹೆಚ್ಚಾಗಿ 4 ಕೆಬಿ. ಎರಡು, ನಾಲ್ಕು, ಎಂಟು ಪೇಜ್‌ಗಳ ಜೋಡಿ ಮಾಡಿ ಇಡುತ್ತಾರೆ, ಬೇಕಾದಾಗ ಅರ್ಧ ಅರ್ಧ ಒಡೆಯುತ್ತಾರೆ, ವಾಪಸು ಬಂದಾಗ ಜೋಡಿಸುತ್ತಾರೆ. ಅದರ ಮೇಲೆ ಸಣ್ಣ ವಸ್ತುಗಳಿಗೆ ‘ಸ್ಲ್ಯಾಬ್’: ಒಂದೇ ಅಳತೆಯ ಖಾನೆಗಳು. ಇದು ಸನ್ ಕಂಪನಿಯ ಜೆಫ್ ಬಾನ್ವಿಕ್ 1994ರಲ್ಲಿ ಬರೆದ ಉಪಾಯ. ಇನ್ನು ಮನೆಯ ಚೀಲ ಅಂದರೆ ಪ್ರತಿ ಕೋರಿಗೂ ಅದರದೇ ಆದ ಸಣ್ಣ ದಾಸ್ತಾನು. ಅದರಿಂದ ತೆಗೆದುಕೊಳ್ಳುವಾಗ ಬೇರೆ ಕೋರಿನ ಹಂಗಿಲ್ಲ, ಆದ್ದರಿಂದ ಎಲ್ಲರ ಕೀಲಿ ಹಿಡಿಯಬೇಕಿಲ್ಲ. ಆರ್‌ಸಿಯು ತಂದ ಅದೇ ಮೆಕೆನಿ, ಜ್ಯಾಕ್ ಸ್ಲಿಂಗ್‌ವೈನ್ ಜೊತೆ 1993ರಲ್ಲೇ ಈ ಬಗ್ಗೆ ಬರೆದಿದ್ದರು.

ಈಗ ಬೆಲೆ ಕೇಳ್ರಿ. ಮನೆ ಮನೆಯಲ್ಲೂ ಚೀಲ ತುಂಬಿಟ್ಟರೆ ಹಗೇವು ಖಾಲಿ. ಒಬ್ಬರ ಮನೆಯಲ್ಲಿ ಜೋಳ ಹುಳ ಹಿಡಿಯುತ್ತಿರುತ್ತದೆ, ಇನ್ನೊಬ್ಬರಿಗೆ ಕೊರತೆ. ಕ್ರಿಸ್ಟಫ್ ಲ್ಯಾಮೆಟರ್ ಕೆಲಸ ಮಾಡುತ್ತಿದ್ದ ಸಾವಿರ ಪ್ರೊಸೆಸರ್‌ನಂಥ ಬೃಹತ್ ಯಂತ್ರಗಳಲ್ಲಿ ಇಂಥ ‘ಚೀಲ’ಗಳ ಲೆಕ್ಕಕ್ಕೇ ಹಲವು ಜಿಬಿ ಮೆಮೊರಿ ಸಿಕ್ಕಿಹಾಕಿಕೊಂಡಿತ್ತು. ಅದಕ್ಕೇ ಅವರು 2007ರಲ್ಲಿ ‘ಸ್ಲಬ್’ ಎಂಬ ಸರಳ ವಿಧಾನ ತಂದರು. ತೀರಾ ಸಣ್ಣ ಯಂತ್ರಗಳಿಗಂತ ಇದ್ದ ‘ಸ್ಲಾಬ್’ 2023ರಲ್ಲಿ, ಹಳೆಯ ಸ್ಲ್ಯಾಬ್ ಕೋಡ್ 2024ರಲ್ಲಿ ಹೋದವು. ಈಗ ಉಳಿದಿರುವುದು ಸ್ಲಬ್ ಒಂದೇ.

ಕೀಲಿ ಮತ್ತು ಮೆಮೊರಿ ನೇರವಾಗಿ ಎದುರಾಗುವ ಜಾಗವೂ ಒಂದು ಐತಿ. ಸ್ಪಿನ್‌ಲಾಕ್ ಹಿಡಿದವನು ನಿದ್ದೆ ಮಾಡುವಂತಿಲ್ಲ. ಮೆಮೊರಿ ಕೇಳಿದಾಗ ಖಾಲಿ ಇಲ್ಲದಿದ್ದರೆ ಕಾಯಬೇಕಾಗಬಹುದು, ಕಾಯುವುದು ಅಂದರೆ ನಿದ್ದೆ. ಆದ್ದರಿಂದ ಜಾಣ ಕ್ರಮ ಅಂದರೆ ಮೊದಲು ಮೆಮೊರಿ ತಂದಿಟ್ಟುಕೋ, ಆಮೇಲೆ ಕೀಲಿ ಹಿಡಿ. ರಾತ್ರಿ ಎರಡಕ್ಕೆ ನೀರಿನ ಪಾಳಿ ಇದ್ದರೆ ಸಲಿಕೆ, ಬ್ಯಾಟರಿ, ಪೈಪು ಸಂಜೆಗೇ ಹೊಲದಲ್ಲಿ ಇರಬೇಕು. ಪಾಳಿ ಹಿಡಿದುಕೊಂಡು ಪೈಪು ತರಲು ಗೋಕಾಕಿಗೆ ಹೋದರೆ ಕೆಳಗಿನ ಹೊಲದವರು ಸುಮ್ಮನೆ ಬಿಡ್ತಾರೇನು?

6/8

ಈಗ ಅವ್ವನ ಫೋನು. ಅದರ ಮೆಮೊರಿ 2 ಜಿಬಿ.

ಅವ್ವ ಒಂದು ಆ್ಯಪ್ ತೆರೆದು ತನ್ನ ವಿವರ ತುಂಬುತ್ತಾಳೆ. ಸಂದೇಶದಲ್ಲಿ ಓಟಿಪಿ ಬರುತ್ತದೆ. ಓದಲು ಆ ಕಡೆ ಹೋಗುತ್ತಾಳೆ. ಆರು ಅಂಕಿ, ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ಹಿಂದಿನ ಆ್ಯಪ್‌ಗೆ ಬರುತ್ತಾಳೆ. ಅದು ಮೊದಲಿನಿಂದ ಶುರುವಾಗಿರುತ್ತದೆ. ತುಂಬಿದ್ದೆಲ್ಲ ಹೋಯಿತು, ಓಟಿಪಿ ಹಳೆಯದಾಯಿತು. ‘ಯಾಕೋ ತಮ್ಮಾ, ಮತ್ತ ಮೊದಲಿಂದ ಚಾಲೂ ಆತಲ್ಲೋ? ನಂದೇನರ ತಪ್ಪಾತೇನು?’ ಅಂತ ಫೋನ್ ಮಾಡುತ್ತಾಳೆ.

ಅವಳ ತಪ್ಪಿಲ್ಲ. ಸಂದೇಶದ ಆ್ಯಪ್ ತೆರೆಯಲು ಜಾಗ ಬೇಕಾಯಿತು. ಇದ್ದದ್ದು 2 ಜಿಬಿ. ಆಂಡ್ರಾಯ್ಡ್ ಮೊದಲು ಉಪಯೋಗದಲ್ಲಿಲ್ಲದ ಪೇಜ್‌ಗಳನ್ನು ಒತ್ತಿ ಚಿಕ್ಕದಾಗಿಸಿ ಮೆಮೊರಿಯಲ್ಲೇ ಒಂದು ಮೂಲೆಗೆ ಇಡುತ್ತದೆ, ಹಾಸಿಗೆ ಸುತ್ತಿ ಮಾಡಿನ ಮೇಲೆ ಇಟ್ಟ ಹಾಗೆ. ಅದಕ್ಕೆ ಜಿರ್‍ಯಾಮ್ ಅಂತಾರ. ಅದೂ ಸಾಲದಾದಾಗ, ಕಣ್ಣ ಮುಂದೆ ಇಲ್ಲದ ಆ್ಯಪ್ ಒಂದನ್ನು ಮುಗಿಸಿಬಿಡುತ್ತದೆ. ಅವ್ವ ಅರ್ಧ ತುಂಬಿಟ್ಟು ಬಂದ ಆ್ಯಪ್ ಆಗ ಕಣ್ಣ ಮುಂದೆ ಇರಲಿಲ್ಲ.

ನಾನು ಕರ್ನಲ್ ಕೋಡ್ ಓದುವುದನ್ನು ಕೆಲಸವಾಗಿ ಮಾಡುವವ. ನಮ್ಮ ಮೇಜಿನ ಮೇಲೆ ಬರುವ ಹೆಚ್ಚಿನ ಅಳತೆಗಳು ನೂರಾರು ಕೋರ್ ಇರುವ ಸರ್ವರ್‌ಗಳವು. ‘ಇಷ್ಟು ಪಟ್ಟು ವೇಗ’ ಅಂತ ಗ್ರಾಫ್ ಬರುತ್ತದೆ. ಸರ್ವರ್‌ನಲ್ಲಿ ಕೊರತೆ ಇರುವುದು ಹೊತ್ತಿನದು, ಜಾಗ ಬೇಕಾದಷ್ಟು ಇರುತ್ತದೆ. ಅವ್ವನ ಫೋನಿನಲ್ಲಿ ಕೊರತೆ ಇರುವುದು ಜಾಗದ್ದು. ಕಾಯುವುದನ್ನು ತಪ್ಪಿಸಲು ಜಾಗ ಕೊಡುವ ಪ್ರತಿ ಉಪಾಯವೂ ಈ ಎರಡು ಕಡೆ ಬೇರೆ ಬೇರೆ ಮುಖ ತೋರಿಸುತ್ತದೆ.

ಹೊಸ ಫೋನ್ ಕೊಡಿಸಬಾರದೇ ಅಂತ ಕೇಳಬಹುದು. ಕೊಡಿಸಬಹುದು. ಆದರೆ ಮೂಡಲಗಿ ಸಂತೆಯಲ್ಲಿ ಒಮ್ಮೆ ನಿಂತು ನೋಡ್ರಿ, ಎಷ್ಟು ಕೈಯಲ್ಲಿ ಇಂಥದೇ ಫೋನು ಅದಾವ ಅಂತ. ರೇಶನ್ನು, ಬ್ಯಾಂಕು, ಬೆಳೆ ವಿವರ ಎಲ್ಲಾ ಅದರೊಳಗೇ ಆಗಬೇಕು.

7/8

ಹಾಗಂತ ದೊಡ್ಡವರು ಸಣ್ಣ ಫೋನ್ ಮರೆತೇಬಿಟ್ಟಾರಂತ ತಿಳಿಯಬೇಡ್ರಿ. ಇವತ್ತಿನದು ಫೋನಿಗಾಗಿಯೇ ಆದ ಕೆಲಸ.

ಪ್ರತಿ ಆ್ಯಪ್‌ಗೂ ತನ್ನ ಮೆಮೊರಿಯ ಒಂದು ನಕಾಶೆ ಇರುತ್ತದೆ, ಹೊಲದ ನಕಾಶೆ ಇದ್ದ ಹಾಗೆ. ಒಂದು ತುಂಡು ಕೋಡ್‌ಗೆ, ಒಂದು ಚಿತ್ರಗಳಿಗೆ, ಹೀಗೆ. ಒಂದು ಆ್ಯಪ್‌ಗೆ ಇಂಥ ತುಂಡುಗಳು ಸಾವಿರದ ಲೆಕ್ಕದಲ್ಲಿ ಇರಬಹುದು. ಬಹಳ ವರ್ಷ ಇಡೀ ನಕಾಶೆಗೆ ಒಂದೇ ಕೀಲಿ ಇತ್ತು. ಓದುವವರು ಎಷ್ಟು ಜನ ಬೇಕಾದರೂ ಕೂಡಿ ಬರಬಹುದು, ಆದರೆ ಯಾರಾದರೂ ನಕಾಶೆ ತಿದ್ದಬೇಕೆಂದರೆ ಉಳಿದವರೆಲ್ಲ ಹೊರಗೆ. ಒಂದು ಸರ್ವೆ ನಂಬರಿನ ಹಿಸ್ಸೆ ಬದಲಾಯಿಸಲು ಇಡೀ ಊರಿನ ಉತಾರ ಬಂದ್ ಇಟ್ಟಂಗ.

ಆ್ಯಪ್ ತೆರೆಯುವ ಗಳಿಗೆಯಲ್ಲೇ ಇದು ಹೆಚ್ಚು ಕಾಡುತ್ತದೆ. ಆಗ ಹತ್ತಾರು ಥ್ರೆಡ್‌ಗಳು ಒಟ್ಟಿಗೆ ಏಳುತ್ತವೆ. ಕೆಲವು ಹೊಸ ತುಂಡು ಕೇಳುತ್ತವೆ, ಅಂದರೆ ನಕಾಶೆ ತಿದ್ದುತ್ತವೆ. ಉಳಿದವು ತಮ್ಮ ತುಂಡಿನಲ್ಲಿ ಮೊದಲ ಸಲ ಕಾಲಿಡುತ್ತಾ ಪೇಜ್ ಕೇಳುತ್ತವೆ. ನೀವು ಬಿಳಿ ಪರದೆ ನೋಡುತ್ತಾ ಕೂತಿರುತ್ತೀರಿ.

ಗೂಗಲ್‌ನ ಆಂಡ್ರಾಯ್ಡ್ ತಂಡದ ಸುರೇನ್ ಬಗ್ದಸರ್ಯಾನ್ ಬರೆದ ಪರಿಹಾರ 2023ರ ಜೂನ್‌ನಲ್ಲಿ ಲಿನಕ್ಸ್ 6.4ರಲ್ಲಿ ಬಂತು: ಪ್ರತಿ ತುಂಡಿಗೂ ಅದರದೇ ಕೀಲಿ. ನಿಮ್ಮ ಹಿಸ್ಸೆಯಲ್ಲಿ ನಿಮ್ಮ ಕೆಲಸ, ಪಕ್ಕದವರ ಮೋಜಣಿ ನಡೆದಿದ್ದರೆ ನಡೆಯಲಿ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಕೆಲವರ ಯಂತ್ರದಲ್ಲಿ ಮೆಮೊರಿ ಕೆಡುವುದು ಕಂಡಿತು. ಜುಲೈನಲ್ಲಿ ಅದನ್ನು ತಿದ್ದಿದರು. ಕೀಲಿ ಸಣ್ಣದು ಮಾಡುವುದು ಎಷ್ಟು ನಾಜೂಕು ಅಂತ ಇದರಿಂದ ತಿಳಿಯುತ್ತದೆ.

ಬೆಲೆ? ಆ ಕೀಲಿ ಒಂದೊಂದೂ 40 ಬೈಟ್. ಕೇಳಲು ಏನೂ ಅಲ್ಲ. ಆದರೆ ಪ್ರತಿ ಆ್ಯಪ್‌ನ ಪ್ರತಿ ತುಂಡಿಗೂ ಒಂದು ಅಂದಾಗ ಲೆಕ್ಕ ಬೇರೆ. ನನಗೆ ಹಿಡಿಸಿದ್ದು ಮುಂದಿನ ಕೆಲಸ: ಅದೇ ಬಗ್ದಸರ್ಯಾನ್ 2025ರಲ್ಲಿ ಮತ್ತೆ ಬಂದು, ಆ ದೊಡ್ಡ ಕೀಲಿಯ ಬದಲು ಒಂದು ಸಣ್ಣ ಎಣಿಕೆಯಲ್ಲೇ ಕೆಲಸ ಮುಗಿಯುವಂತೆ ಮಾಡಿದರು. ಮೊದಲು ಹೊತ್ತು ಉಳಿಸಿದರು, ಆಮೇಲೆ ಅದಕ್ಕಾಗಿ ಕೊಟ್ಟ ಜಾಗವನ್ನು ವಾಪಸು ತಂದರು. ಎರಡನೆಯದಕ್ಕೆ ಚಪ್ಪಾಳೆ ಕಡಿಮೆ. 2 ಜಿಬಿ ಫೋನ್ ಇರುವವರಿಗೆ ಅದೇ ದೊಡ್ಡದು.

8/8

ಕೊನೆಗೆ ಎರಡು ಪ್ರಶ್ನೆ ನಿಮ್ಮ ಕೈಗೆ ಕೊಡತೇನಿ.

ಯಾರಾದರೂ ‘ಇದರಿಂದ ವೇಗ ಹೆಚ್ಚಾಯಿತು’ ಅಂದಾಗ ಕೇಳ್ರಿ: ಯಾರು ಕಾಯುವುದು ತಪ್ಪಿತು? ಅದಕ್ಕೆ ಯಾರ ಜಾಗ ಹೋಯಿತು?

ಕರ್ನಲ್‌ಗೆ ಮಾತ್ರ ಅಲ್ಲ, ನೀರಿನ ಪಾಳಿಗೂ ಈ ಪ್ರಶ್ನೆ ಹೊಂದುತ್ತವೆ. ಮೇಲಿನ ಹೊಲದವರು ಹೊಂಡ ತೋಡಿ ನೀರು ತುಂಬಿಟ್ಟುಕೊಂಡರೆ ಅವರು ಪಾಳಿಗೆ ಕಾಯಬೇಕಿಲ್ಲ. ಆ ಹೊಂಡದ ನೀರು ಕಾಲುವೆಯ ಕೊನೆಯ ಹೊಲಕ್ಕೆ ಬರುವುದಿಲ್ಲ, ಅಷ್ಟೇ.

ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಪರೀಕ್ಷೆಯಲ್ಲಿ ‘ಡೆಡ್‌ಲಾಕ್ ಎಂದರೇನು’ ಅಂತ ಐದು ಅಂಕಕ್ಕೆ ಬಾಯಿಪಾಠ ಮಾಡಿ ಮರೆಯುತ್ತೀರಿ. ಅದು ಎಲ್ಲೋ ದೂರದ ವಿಷಯ ಅಲ್ಲ. ಲಿನಕ್ಸ್ ಕೋಡ್ ಪೂರ್ತಿ ಬಯಲಿನಲ್ಲಿದೆ, ಓದಲು ದುಡ್ಡು ಬೇಡ, ಬೆಂಗಳೂರಿಗೆ ಹೋಗಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿ ‘ಸ್ಲ್ಯಾಬ್‌ಟಾಪ್’ ಅಂತ ಒಂದು ಆಜ್ಞೆ ಕೊಡ್ರಿ, ನಿಮ್ಮ ಹಗೇವಿನಿಂದ ಯಾರು ಎಷ್ಟು ಜೋಳ ಒಯ್ದಾರೆ ಅಂತ ಅಲ್ಲೇ ಕಾಣುತ್ತದೆ. ಲಾಕ್‌ಡೆಪ್ ಚಾಲೂ ಮಾಡಿ ಒಂದು ಸಣ್ಣ ಮಾಡ್ಯೂಲಿನಲ್ಲಿ ಬೇಕಂತಲೇ ಎರಡು ಕೀಲಿ ಉಲ್ಟಾ ಕ್ರಮದಲ್ಲಿ ಹಿಡಿದು ನೋಡ್ರಿ, ಹೆಂಗ ಬೈತೈತಿ ಅಂತ.

ಮತ್ತ ಒಂದು. ಸಾವಿರ ಕೋರಿನ ಯಂತ್ರ ನಮ್ಮ ಊರಿನಲ್ಲಿ ಇಲ್ಲ. ಆದರೆ 2 ಜಿಬಿ ಫೋನು ದಿನವಿಡೀ ಹೇಗೆ ಒದ್ದಾಡುತ್ತದೆ ಅಂತ ನಮಗೆ ಗೊತ್ತಿರುವಷ್ಟು ದೊಡ್ಡ ಆಫೀಸಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಅಂಥ ಫೋನಿನಲ್ಲಿ ಅಳತೆ ಮಾಡಿ, ‘ನಿಮ್ಮ ಈ ಬದಲಾವಣೆಯಿಂದ ಇಲ್ಲಿ ಇಷ್ಟು ಜಾಗ ಹೋಗತೈತಿ’ ಅಂತ ಅಂಕಿ ಸಮೇತ ತೋರಿಸುವವರ ಮಾತಿಗೆ ಕರ್ನಲ್ ಬರೆಯುವವರು ಕಿವಿ ಕೊಡುತ್ತಾರೆ. ಅಲ್ಲಿ ಊರು ಯಾವುದು ಅಂತ ಕೇಳುವುದಿಲ್ಲ, ಅಂಕಿ ಸರಿ ಇದೆಯೋ ಅಂತ ಕೇಳುತ್ತಾರೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಎಷ್ಟು ಬಂತು ಅಂತ ಅಲ್ಲಿ ನಿಂತವರೇ ಹೇಳಬೇಕಲ್ರಿ.

ನಿಮ್ಮೂರಾಗ ನೀರಿನ ಪಾಳಿ ಹೆಂಗ ಹಚ್ಚತಾರ? ತಾಸಿನ ಲೆಕ್ಕನೋ, ಎಕರೆ ಲೆಕ್ಕನೋ? ಪಾಳಿ ಬಂದವ ಹೊಲದಾಗ ಇಲ್ಲದಿದ್ದರ ಏನ್ಮಾಡ್ತೀರಿ? ಕಾಮೆಂಟಿನಾಗ ಬರೀರಿ. ಮುಂದಿನ ಸರಣಿಗೆ ಅದೇ ಸಾಮಾನು.

#ಮೂಡಲಗಿ #ಗೋಕಾಕ #ಹುಕ್ಕೇರಿ #ಘಟಪ್ರಭಾ #ಲಿನಕ್ಸ್ #ಕರ್ನಲ್ #ಕನ್ನಡದಾಗಕಂಪ್ಯೂಟರ್ #ಪಾಳಿ